ಬಿಸಿಲಿನಲ್ಲಿ ನಗುವ ಹೂಗಳು

ಯುಗಾದಿಯ ವೇಳೆಗೆ ಹೊಂಗೆ ತಳಿರು ತಳೆಯುತ್ತದೆ, ಬೇವು ಹೂ ಬಿಡುತ್ತದೆ. ಆದರೆ ಅದೇ ಕಾಲದಲ್ಲಿ ಮನೆಯಂಗಳದ ಹೂಗಿಡಗಳು ತಲೆಬಾಗಿ, ಎಲೆ ಸುಟ್ಟು, ಒಂದೊಂದಾಗಿ ಒಣಗುವುದೂ ಉಂಟು. ಆಗ "ನನ್ನ ಕೈಗುಣ ಚೆನ್ನಾಗಿಲ್ಲ" ಎಂದು ನಿಟ್ಟುಸಿರು ಬಿಡುವವರನ್ನು ಎಲ್ಲ ಊರುಗಳಲ್ಲಿಯೂ ಕಾಣುತ್ತೇವೆ. ನೆರೆಮನೆಯಾಕೆ ಕಡ್ಡಿ ಊರಿದರೂ ಚಿಗುರುತ್ತದೆ, ತಾವು ನೆಟ್ಟ ಒಳ್ಳೆಯ ಸಸಿಯೂ ಬಾಡುತ್ತದೆ ಎಂಬುದು ಅವರ ಕೊರಗು. ಕೈಗುಣವೆಂಬುದು ಹುಟ್ಟಿನಿಂದ ಬಂದ ವರವೇ? ಅಥವಾ ಕಲಿತು ಗಳಿಸಬಹುದಾದ ವಿವೇಕವೇ? ಈ ಪ್ರಶ್ನೆಗೆ ಬೇಸಗೆಯ ಹೂಗಳೇ ಉತ್ತರ ಹೇಳಬಲ್ಲವು.

ಒಂದೇ ಋತುವಿನಲ್ಲಿ ಮೊಳೆತು, ಬೆಳೆದು, ಹೂತು, ಬೀಜಕಟ್ಟಿ ಮುಗಿದುಹೋಗುವ ಗಿಡಗಳಿಗೆ ಏಕವಾರ್ಷಿಕಗಳೆಂದು ಹೆಸರು. ಮಾವು ತೆಂಗುಗಳಂತೆ ವರ್ಷಗಟ್ಟಲೆ ಕಾಯುವ ಅವಕಾಶ ಇವಕ್ಕಿಲ್ಲ. ಬಾಳು ಕಿರಿದಾದುದರಿಂದಲೇ ಅವಸರ ಹಿರಿದು. ಬಿತ್ತಿದ ಎರಡು ಮೂರು ತಿಂಗಳಲ್ಲಿಯೇ ಅವು ತಮ್ಮಲ್ಲಿರುವ ಬಣ್ಣವನ್ನೆಲ್ಲ ಹೊರಚೆಲ್ಲಿಬಿಡುತ್ತವೆ. ಬೀಜದ ಬೆಲೆ ಅಲ್ಪ. ಬೇಕಾದ ಸ್ಥಳವೂ ಅಲ್ಪ. ಅಂಗಳವಿಲ್ಲದವರು ಕುಂಡದಲ್ಲಿಯೂ, ಕುಂಡ ಕೊಳ್ಳಲಾಗದವರು ಹಳೆಯ ಡಬ್ಬದಲ್ಲಿಯೂ ಇವನ್ನು ಬೆಳೆಸಬಹುದು.

ಆದರೆ ಏಕವಾರ್ಷಿಕಗಳೆಲ್ಲ ಒಂದೇ ಸ್ವಭಾವದವಲ್ಲ. ಜನವರಿ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನವನ್ನು ಕಂಡವರು ಪ್ಯಾನ್ಸಿ, ಸ್ವೀಟ್ ಪೀ ಮೊದಲಾದ ಹೂಗಳಿಗೆ ಮನಸೋಲುವುದು ಸಹಜ. ಇವು ತಂಪು ನಾಡುಗಳ ಗಿಡಗಳು. ಮಳೆಗಾಲದ ಕೊನೆಯಲ್ಲಿ ಬಿತ್ತಿದರೆ ಚಳಿಗಾಲದಲ್ಲಿ ಅರಳಿ ಕಣ್ಣಿಗೆ ಹಬ್ಬವಾಗುತ್ತವೆ. ಇವನ್ನೇ ಮಾರ್ಚಿಯಲ್ಲಿ ತಂದು ರಾಯಚೂರಿನ ಇಲ್ಲವೆ ಕಲಬುರಗಿಯ ಬಿಸಿಲಿಗೆ ಒಡ್ಡಿದರೆ ಕೊಡಗಟ್ಟಲೆ ನೀರು ಸುರಿದರೂ ಉಳಿಯಲಾರವು. ಅಲ್ಲಿ ಕೆಟ್ಟದ್ದು ಕೈಗುಣವಲ್ಲ, ಆಯ್ಕೆ.

ಹಾಗಾದರೆ ಬಿಸಿಲನ್ನೇ ಬಯಸುವ ಹೂಗಳಿಲ್ಲವೆ? ಧಾರಾಳವಾಗಿ ಇವೆ. ಅವುಗಳ ತವರನ್ನು ವಿಚಾರಿಸಿದರೆ ಅವುಗಳ ಗುಣ ತಾನಾಗಿ ತಿಳಿಯುತ್ತದೆ. ಇಂದು ನಮ್ಮ ಹಬ್ಬ, ಮದುವೆಗಳ ಮಾಲೆಗೆ ಅನಿವಾರ್ಯವಾಗಿರುವ ಚೆಂಡುಹೂವಿನ ಮೂಲ ದೂರದ ಮೆಕ್ಸಿಕೊ. ಜಿನ್ನಿಯಾ ಹೂವಿನ ತವರೂ ಅದೇ. ಜರ್ಮನಿಯ ಸಸ್ಯವಿಜ್ಞಾನಿ ಯೋಹಾನ್ ಜಿನ್ ಅವರ ನೆನಪಿಗಾಗಿ ಲಿನೇಯಸ್ ಆ ಹೆಸರನ್ನಿಟ್ಟನು. ಕೆಂಪು, ಕಿತ್ತಳೆ, ಹಳದಿ, ಗುಲಾಬಿ ಬಣ್ಣಗಳಲ್ಲಿ ಅದು ಅರಳುತ್ತದೆ. ಎಲೆಯ ಮೇಲೆ ನೀರು ನಿಂತು ಗಾಳಿಯಾಡದಿದ್ದರೆ ಮಾತ್ರ ರೋಗಕ್ಕೆ ತುತ್ತಾಗುತ್ತದೆ. ಗುಂಡಿಯಂತೆ ದುಂಡಗಿರುವ ಗೊಂಫ್ರೀನ ಹೂ ಕೊಯ್ದು ಒಣಗಿಸಿದರೂ ತನ್ನ ಬಣ್ಣವನ್ನು ಬಹುಕಾಲ ಬಿಡುವುದಿಲ್ಲ. ಕೋಳಿಜುಟ್ಟಿನ ಹೂವಂತೂ ಮಖಮಲ್ಲಿನ ತುಂಡಿನಂತೆ ಮಿರುಗುತ್ತದೆ. ಟೇಬಲ್ ರೋಸ್ ಎಂದು ನಾವು ಕರೆಯುವ ಪೋರ್ಚುಲಾಕ ದಕ್ಷಿಣ ಅಮೆರಿಕದ್ದು. ಅದರ ದಪ್ಪನೆಯ ಎಲೆಗಳೇ ಅದರ ನೀರಿನ ಹರವಿಗಳು. ಬಿಸಿಲೇರಿದಾಗ ಅರಳಿ, ಹೊತ್ತಿಳಿದಂತೆ ಮುಚ್ಚಿಕೊಳ್ಳುವ ಈ ಹೂ ಮೋಡ ಕವಿದ ದಿನ ಮುನಿಸಿಕೊಂಡಂತೆ ಸರಿಯಾಗಿ ಅರಳುವುದೇ ಇಲ್ಲ!

ಇವುಗಳಲ್ಲಿ ಕೆಲವು ಬಿಸಿಲನ್ನು ಗೆಲ್ಲುವ ಬಗೆ ವಿಸ್ಮಯಕಾರಿಯಾದುದು. ಗಿಡವು ಆಹಾರ ತಯಾರಿಸಲು ಎಲೆಯ ಪತ್ರರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈ ಆಕ್ಸೈಡನ್ನು ಒಳಗೆಳೆದುಕೊಳ್ಳಬೇಕು. ಹಾಗೆ ತೆರೆದಾಗ ಒಳಗಿನ ನೀರು ಆವಿಯಾಗಿ ಹೊರಟುಹೋಗುತ್ತದೆ. ಗೊಂಫ್ರೀನ, ಪೋರ್ಚುಲಾಕದಂಥ ಗಿಡಗಳು ಆ ಅನಿಲವನ್ನು ಬಲು ಬಿಗಿಯಾಗಿ ಹಿಡಿದಿಡುವ ವಿಶೇಷ ವ್ಯವಸ್ಥೆಯನ್ನು ಪಡೆದಿವೆ. ಆದುದರಿಂದ ರಂಧ್ರಗಳನ್ನು ಹೆಚ್ಚು ತೆರೆಯದೆ, ಕಡಮೆ ನೀರಿನಲ್ಲಿಯೇ ಅವು ಬದುಕನ್ನು ಸಾಗಿಸಬಲ್ಲವು. ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು 1966ರಲ್ಲಿ ಕಬ್ಬಿನ ಎಲೆಯಲ್ಲಿ ಈ ಕ್ರಮವನ್ನು ವಿವರಿಸಿದರು. ನಮ್ಮ ರಾಗಿ, ಜೋಳ, ದಂಟಿನ ಸೊಪ್ಪುಗಳಲ್ಲಿರುವುದೂ ಇದೇ ಕ್ರಮ. ಬಯಲುಸೀಮೆಯ ಹೊಲದಲ್ಲಿ ನಮಗೆ ಅನ್ನವನ್ನು ಕೊಡುವ ಗುಣವೇ ಅಂಗಳದ ಕುಂಡದಲ್ಲಿ ಬಣ್ಣವಾಗಿ ಅರಳುತ್ತದೆಯೆಂದರೆ ಅದು ಸೋಜಿಗವಲ್ಲವೆ?

ನಮ್ಮ ನಾಡಿನದೇ ಗಿಡವಾದರೆ ಸಾಕು, ಅದು ಬೇಸಗೆಗೆ ಒಗ್ಗುತ್ತದೆಂದು ಭಾವಿಸುವುದೂ ಸರಿಯಲ್ಲ. ಬಾಲ್ಸಮ್ ಎಂದು ಹೆಸರಾದ ಕರ್ಣಕುಂಡಲ ಭಾರತದ್ದೇ ಗಿಡ. ಆದರೂ ಅದರ ರಸಭರಿತ ಕಾಂಡ ಮಳೆಗಾಲದ ತಂಪನ್ನು ಬಯಸುತ್ತದೆ. ಏಪ್ರಿಲ್‌ನ ನಡುಹಗಲಿನಲ್ಲಿ ಸೋತು ಬಾಗುತ್ತದೆ. ಅದೇ ಮಡಗಾಸ್ಕರ್ ದ್ವೀಪದಿಂದ ಬಂದ ನಿತ್ಯಪುಷ್ಪ ಗೋಡೆಯ ಬಿರುಕಿನಲ್ಲಿಯೂ ಬೇರೂರಿ ಹೂ ಬಿಡುತ್ತದೆ. ಅದು ಏಕವಾರ್ಷಿಕವಲ್ಲದಿದ್ದರೂ ಹಲವರು ಅದನ್ನು ಹಾಗೆಯೇ ಬೆಳೆಸುವರು. ಗಿಡದ ಊರನ್ನು ಮಾತ್ರವಲ್ಲ, ಅಲ್ಲಿ ಅದು ಬಾಳಿದ ಋತುವನ್ನೂ ನಾವು ಕೇಳಬೇಕು.

ಕುಂಡದ ಗಿಡಕ್ಕೆ ಇನ್ನಷ್ಟು ಎಚ್ಚರ ಅಗತ್ಯ. ನೆಲದಲ್ಲಿರುವ ಬೇರು ತೇವವನ್ನು ಅರಸಿ ಆಳಕ್ಕಿಳಿಯಬಲ್ಲದು; ಕುಂಡದಲ್ಲಿರುವುದು ನಾವು ಕೊಟ್ಟಷ್ಟರಲ್ಲಿಯೇ ಬದುಕಬೇಕು. ಮಣ್ಣಿನ ಕುಂಡ ತನ್ನ ಮೈಯಿಂದ ನೀರನ್ನು ಆವಿಯಾಗಿಸಿ ಬೇರನ್ನು ತಂಪಾಗಿಡುತ್ತದೆ. ಕಪ್ಪು ಪ್ಲಾಸ್ಟಿಕ್ಕಿನದು ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತದೆ. ತಳದ ತೂತಿನ ಮೇಲೆ ಮಡಕೆಯ ಚೂರೊಂದನ್ನಿಟ್ಟು, ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಗಳನ್ನು ಸಮನಾಗಿ ಬೆರೆಸಿ ತುಂಬಬೇಕು. ಮಣ್ಣಿನ ಮೇಲೆ ತೆಂಗಿನ ನಾರನ್ನೋ ಒಣ ತರಗನ್ನೋ ಹರಡಿದರೆ ತೇವ ಉಳಿಯುತ್ತದೆ. ಬೆರಳನ್ನು ಮಣ್ಣಿನಲ್ಲಿಳಿಸಿ ನೋಡಿ, ಒಣಗಿದ್ದರೆ ಮಾತ್ರ, ಮುಂಜಾನೆ ನೀರೆರೆಯುವುದು ಲೇಸು. ಅಕ್ಕಿ ತರಕಾರಿಗಳನ್ನು ತೊಳೆದ ನೀರೂ ಇದಕ್ಕೆ ಆಗುತ್ತದೆ. ಕುಡಿಯುವ ನೀರಿಗಾಗಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವ ಊರುಗಳು ನಮ್ಮಲ್ಲಿವೆ. ಅಂಥಲ್ಲಿ ದಿನಕ್ಕೆರಡು ಸಲ ನೀರು ಬೇಡುವ ಗಿಡವನ್ನು ಸೊಬಗಿಗಾಗಿ ಸಾಕುವುದು ಸೊಬಗೆನಿಸದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ತೋಟಗಾರನಿಗೂ ಸಲ್ಲುತ್ತದೆ.

ಬಾಡಿದ ಹೂಗಳನ್ನು ಆಗಾಗ ಚಿವುಟುತ್ತಿರಬೇಕು. ಬೀಜಕಟ್ಟುವುದೇ ಗಿಡದ ಗುರಿ. ಅದು ಕೈಗೂಡದಿದ್ದಾಗ ಹೊಸ ಮೊಗ್ಗುಗಳನ್ನು ತಳೆದು ಮತ್ತೆ ಯತ್ನಿಸುತ್ತದೆ. ಕೊನೆಯಲ್ಲಿ ಮಾತ್ರ ಸೊಂಪಾದ ಒಂದೆರಡು ಗಿಡಗಳ ಹೂವನ್ನು ಬೀಜಕ್ಕೆ ಬಿಟ್ಟರೆ ಮುಂದಿನ ವರ್ಷಕ್ಕೂ ಆಯಿತು, ನೆರೆಯವರಿಗೆ ಹಂಚಲೂ ಆಯಿತು.

1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್ ಅವರು ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಯ ಮರಗಳನ್ನು ಆರಿಸಿದರು. ಯಾವ ಗಿಡ ಯಾವ ಕಾಲಕ್ಕೆ ಎಂಬ ತಿಳಿವಳಿಕೆಯೇ ಅವರ ಕೈಗುಣ. ಅಂಗಳದ ನಾಲ್ಕು ಕುಂಡಗಳಿಗೂ ಬೇಕಾದುದು ಅದೇ. ಬಿಸಿಲನ್ನು ನಾವು ಬದಲಿಸಲಾರೆವು; ಬಿಸಿಲಿನಲ್ಲಿ ನಗಬಲ್ಲ ಗಿಡವನ್ನು ಆರಿಸಬಲ್ಲೆವು.

ಅಭ್ಯಾಸ

1. ಏಕವಾರ್ಷಿಕ ಗಿಡಗಳೆಂದರೇನು?
2. "ಅಲ್ಲಿ ಕೆಟ್ಟದ್ದು ಕೈಗುಣವಲ್ಲ, ಆಯ್ಕೆ." ಈ ಮಾತನ್ನು ಸಂದರ್ಭದೊಡನೆ ವಿವರಿಸಿ.
3. ರಾಗಿ, ಜೋಳಗಳಿಗೂ ಗೊಂಫ್ರೀನ ಹೂವಿಗೂ ಇರುವ ಸಾಮ್ಯವೇನು?
4. ನಿಮ್ಮ ಊರಿನಲ್ಲಿ ಬೇಸಗೆಯಲ್ಲಿ ಅರಳುವ ಹೂಗಳನ್ನು ಗಮನಿಸಿ ಒಂದು ಪಟ್ಟಿ ಮಾಡಿ.