ಪರೀಕ್ಷಾ ವರದಿಯ ಮೇಲಿನ ಮುದ್ರೆ: ತೆಂಗು ಉತ್ಪನ್ನಗಳ ರಫ್ತುದಾರರು ಅರಿಯಬೇಕಾದ ಅಂಶಗಳು

ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕೊಳ್ಳುವ ವರ್ತಕನು ಅದನ್ನು ಒಡೆದು, ಬಣ್ಣ ಹಾಗೂ ರುಚಿ ನೋಡಿ ಬೆಲೆ ಕಟ್ಟುತ್ತಾನೆ. ವಿದೇಶದಲ್ಲಿರುವ ಖರೀದಿದಾರನಿಗೆ ಈ ಅವಕಾಶವಿಲ್ಲ. ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ಭಾಗದ ಘಟಕವೊಂದು ಡೆಸಿಕೇಟೆಡ್ ಕೋಕೊನಟ್ ಎಂದು ಕರೆಯಲಾಗುವ ಒಣ ತೆಂಗಿನ ಪುಡಿಯನ್ನು ರಫ್ತು ಮಾಡಬೇಕಾದರೆ, ಸರಕಿನ ಪರವಾಗಿ ಮಾತನಾಡುವುದು ಪರೀಕ್ಷಾ ವರದಿ ಮಾತ್ರ. ಆ ವರದಿಯನ್ನು ಆಮದು ದೇಶದಲ್ಲಿ ನಂಬುವರೇ ಎಂಬುದೇ ಮುಖ್ಯ ಪ್ರಶ್ನೆ.

ಈ ಎಚ್ಚರಿಕೆಗೆ ಕಾರಣವಿದೆ. 1953ರಲ್ಲಿ ಆಸ್ಟ್ರೇಲಿಯದಲ್ಲಿ ಕಾಣಿಸಿಕೊಂಡ ವಿಷಮಶೀತ ಜ್ವರ ಹಾಗೂ ಸಾಲ್ಮೊನೆಲ್ಲಾ ಸೋಂಕಿಗೆ ಆಮದಾದ ಒಣ ತೆಂಗಿನ ಪುಡಿಯೇ ಮೂಲವೆಂದು ಪತ್ತೆಯಾಯಿತು. ಈ ಪುಡಿಗೆ 1991ರಲ್ಲಿ ರೂಪುಗೊಂಡ ಕೋಡೆಕ್ಸ್ ಮಾನಕದ ಸಂಖ್ಯೆ 177. ಭಾರತೀಯ ಮಾನಕದ ಸಂಖ್ಯೆ ಐಎಸ್ 966.

ಪ್ರಮಾಣೀಕರಣ ಮತ್ತು ಮಾನ್ಯತೆ

ಈ ಎರಡು ಪದಗಳು ಒಂದೇ ಅಲ್ಲ. ಉತ್ಪನ್ನ ಅಥವಾ ಘಟಕದ ವ್ಯವಸ್ಥೆಯು ನಿಗದಿತ ಮಾನಕಕ್ಕೆ ಅನುಗುಣವಾಗಿದೆಯೆಂದು ದೃಢಪಡಿಸುವುದು ಪ್ರಮಾಣೀಕರಣ. ಹಾಗೆ ದೃಢಪಡಿಸುವ ಸಂಸ್ಥೆಗೆ ಅಥವಾ ಪ್ರಯೋಗಾಲಯಕ್ಕೆ ಆ ಸಾಮರ್ಥ್ಯವಿದೆಯೆಂದು ಒಪ್ಪುವುದು ಮಾನ್ಯತೆ. ಭಾರತದಲ್ಲಿ ಪ್ರಯೋಗಾಲಯಗಳಿಗೆ ಎನ್‌ಎಬಿಎಲ್, ಪ್ರಮಾಣೀಕರಣ ಸಂಸ್ಥೆಗಳಿಗೆ ಎನ್‌ಎಬಿಸಿಬಿ ಮಾನ್ಯತೆ ನೀಡುತ್ತವೆ. ಇವೆರಡೂ ಭಾರತೀಯ ಗುಣಮಟ್ಟ ಪರಿಷತ್ತಿನ ಅಂಗಗಳು.

ಐಎಸ್‌ಒ ಸಂಸ್ಥೆಯು ಮಾನಕಗಳನ್ನು ರೂಪಿಸುತ್ತದೆಯೇ ಹೊರತು ಯಾರಿಗೂ ಪ್ರಮಾಣಪತ್ರ ನೀಡುವುದಿಲ್ಲ. ಆದ್ದರಿಂದ ಕಡಿಮೆ ದರಕ್ಕೆ, ತಪಾಸಣೆಯೇ ಇಲ್ಲದೆ ದೊರೆಯುವ 'ಐಎಸ್‌ಒ ಪ್ರಮಾಣಪತ್ರ'ದ ಹಿಂದೆ ಮಾನ್ಯತೆ ಪಡೆದ ಸಂಸ್ಥೆ ಇದೆಯೇ ಎಂದು ಮೊದಲು ಪರಿಶೀಲಿಸಬೇಕು.

ಗಡಿಯಾಚೆಯ ಸ್ವೀಕಾರ

2000ರ ನವೆಂಬರ್‌ನಲ್ಲಿ ವಿವಿಧ ದೇಶಗಳ ಮಾನ್ಯತಾ ಸಂಸ್ಥೆಗಳು ಐಎಲ್‌ಎಸಿ ಪರಸ್ಪರ ಮಾನ್ಯತಾ ಒಪ್ಪಂದಕ್ಕೆ ಸಹಿ ಹಾಕಿದವು. ಅವುಗಳಲ್ಲಿ ಎನ್‌ಎಬಿಎಲ್ ಸಹ ಒಂದು. ಒಂದು ದೇಶದಲ್ಲಿ ಐಎಸ್‌ಒ/ಐಇಸಿ 17025 ಮಾನಕದಂತೆ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯನ್ನು ಇತರ ದೇಶಗಳಲ್ಲಿಯೂ ಸಮಾನವೆಂದು ಪರಿಗಣಿಸುವುದು ಇದರ ಆಶಯ.

ಆದರೆ ಇದು ಮಾನ್ಯತಾ ಸಂಸ್ಥೆಗಳ ನಡುವಿನ ಒಪ್ಪಂದ. ಆಮದು ದೇಶದ ಸರ್ಕಾರವು ಮರುಪರೀಕ್ಷೆ ಮಾಡುವ ಹಕ್ಕನ್ನು ಬಿಟ್ಟುಕೊಟ್ಟಿರುವುದಿಲ್ಲ. ಸರ್ಕಾರಗಳ ನಡುವಿನ ಸ್ವೀಕಾರವೂ ಶಾಶ್ವತವಲ್ಲ. ಭಾರತದ ಸಾವಯವ ಕಾರ್ಯಕ್ರಮದಡಿ ನಡೆಯುತ್ತಿದ್ದ ಪ್ರಮಾಣೀಕರಣವನ್ನು ಅಮೆರಿಕವು 2006ರಿಂದ ಒಪ್ಪಿಕೊಂಡಿತ್ತು. 2021ರ ಜನವರಿಯಲ್ಲಿ ಆ ವ್ಯವಸ್ಥೆಯನ್ನು ಕೊನೆಗೊಳಿಸಿತು. ಪ್ರಮಾಣೀಕರಣ ಸಂಸ್ಥೆಯು ನೇರವಾಗಿ ಅಮೆರಿಕದ ಕೃಷಿ ಇಲಾಖೆಯಿಂದ ಮಾನ್ಯತೆ ಪಡೆಯುವುದು ಅನಿವಾರ್ಯವಾಯಿತು. ಬದಲಾವಣೆಗೆ 2022ರ ಜುಲೈವರೆಗೆ ಕಾಲಾವಕಾಶ ನೀಡಲಾಯಿತು. ಬೆಳೆ, ತೋಟ, ಘಟಕ ಯಾವುದೂ ಬದಲಾಗದೆ ಕಾಗದದ ಬೆಲೆ ಮಾತ್ರ ಬದಲಾಯಿತು.

ಹಣಕಾಸಿನ ದೃಷ್ಟಿ

ಲೆಟರ್ ಆಫ್ ಕ್ರೆಡಿಟ್ ವ್ಯವಹಾರಗಳಿಗೆ ಸಾಮಾನ್ಯವಾಗಿ ಅನ್ವಯಿಸುವ ಯುಸಿಪಿ 600 ನಿಯಮಗಳ ಪ್ರಕಾರ ಬ್ಯಾಂಕುಗಳು ದಾಖಲೆಗಳನ್ನು ನೋಡುತ್ತವೆ, ಸರಕನ್ನಲ್ಲ. ಪುಡಿ ಎಷ್ಟೇ ಉತ್ತಮವಾಗಿದ್ದರೂ ವರದಿಯು ಷರತ್ತಿಗೆ ಹೊಂದದಿದ್ದರೆ ಹಣ ನಿಲ್ಲಬಹುದು. ಸರಕು ಬಂದರಿನಲ್ಲಿ ತಿರಸ್ಕೃತವಾದರೆ ಎರಡು ಕಡೆಯ ಸಾಗಣೆ ವೆಚ್ಚ ಹಾಗೂ ಬಂದರಿನ ಬಾಡಿಗೆ ರಫ್ತುದಾರನ ಮೇಲೆ ಬೀಳುವ ಸಂಭವವಿದೆ. ಆದ್ದರಿಂದ ಪರೀಕ್ಷಾ ಶುಲ್ಕವನ್ನು ಆರಂಭದಲ್ಲಿಯೇ ಸರಕಿನ ವೆಚ್ಚದಲ್ಲಿ ಸೇರಿಸಿ ಬೆಲೆ ನಿಗದಿಪಡಿಸುವುದು ಲೇಸು.

ಗಮನಿಸಬೇಕಾದ ಅಂಶಗಳು

1. ಪ್ರಯೋಗಾಲಯದ ಮಾನ್ಯತಾ ವ್ಯಾಪ್ತಿಯನ್ನು ಎನ್‌ಎಬಿಎಲ್ ಜಾಲತಾಣದಲ್ಲಿ ಪರಿಶೀಲಿಸಬೇಕು. ತೇವಾಂಶ ಪರೀಕ್ಷೆಗೆ ಮಾನ್ಯತೆ ಇದ್ದ ಮಾತ್ರಕ್ಕೆ ಸಾಲ್ಮೊನೆಲ್ಲಾ ಪರೀಕ್ಷೆಗೂ ಇದೆಯೆಂದು ಭಾವಿಸಬಾರದು.
2. ಮಾನ್ಯತೆಯ ಅವಧಿ ಮತ್ತು ವರದಿಯ ದಿನಾಂಕವನ್ನು ಹೋಲಿಸಬೇಕು.
3. ವರದಿಯು ಪರೀಕ್ಷಿಸಿದ ಮಾದರಿಗೆ ಮಾತ್ರ ಅನ್ವಯಿಸುತ್ತದೆ. ಮಾದರಿಯನ್ನು ಯಾರು, ಯಾವ ಬ್ಯಾಚಿನಿಂದ ತೆಗೆದರು ಎಂಬುದು ದಾಖಲಾಗಿರಬೇಕು.
4. ಪ್ರಯೋಗಾಲಯದ ಮುದ್ರೆಯನ್ನು ಉತ್ಪನ್ನದ ಚೀಲದ ಮೇಲೆ ಅಚ್ಚು ಹಾಕಿಸಬಾರದು. ಅದು ಪ್ರಯೋಗಾಲಯದ ಸಾಮರ್ಥ್ಯಕ್ಕೆ ಸಂದ ಗುರುತು.
5. ಯಾವ ಪರೀಕ್ಷೆ, ಯಾವ ವಿಧಾನ, ಯಾರ ವರದಿ ಎಂಬುದನ್ನು ಒಪ್ಪಂದಕ್ಕೆ ಮುನ್ನವೇ ಖರೀದಿದಾರನಿಂದ ಬರವಣಿಗೆಯಲ್ಲಿ ಪಡೆಯಬೇಕು.

ಇವುಗಳಲ್ಲಿ ಐದನೆಯ ಅಂಶಕ್ಕೆ ಯಾವ ಶುಲ್ಕವೂ ಇಲ್ಲ. ಉಳಿದವುಗಳಿಗೆ ದಾರಿ ತೋರುವುದೂ ಅದೇ.