ಚಳಿಗೆ ಮುಂಚೆ ಹಿತ್ತಲ ಹೂದೋಟದ ಆರೈಕೆ



ಚಿತ್ತಿ ಮಳೆ, ಸ್ವಾತಿ ಮಳೆ ಮುಗಿಯುತ್ತಾ ಬಂದಂತೆ ನಮ್ಮ ಬೆಳಗಾವಿ, ಖಾನಾಪುರ ಭಾಗದಲ್ಲಿ ಬೆಳಗಿನ ಜಾವ ಚಳಿ ಶುರುವಾಗುತ್ತದೆ. ದೀಪಾವಳಿ, ಕ್ರಿಸ್ಮಸ್, ಮದುವೆಗಳು ಒಂದರ ಹಿಂದೆ ಒಂದು ಬರುತ್ತವೆ. ಹೂವಿಗೆ ಒಳ್ಳೆಯ ಬೆಲೆ ಸಿಗುವ ಕಾಲ ಇದು. ಆದರೆ ಹಿತ್ತಲ ಹೂದೋಟ ಕೆಡುವುದೂ ಇದೇ ಕಾಲದಲ್ಲಿ. ಆದ್ದರಿಂದ ಈ ಸಲದ ಪಾಠಕ್ಕೆ ಈ ವಿಷಯವನ್ನೇ ಆರಿಸಿಕೊಂಡಿದ್ದೇವೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಸಂಘದ ಒಬ್ಬ ತಾಯಿ 4,000 ರೂಪಾಯಿ ಸಾಲ ತೆಗೆದು, ಅರ್ಧ ಗುಂಟೆಯಲ್ಲಿ ಸುಮಾರು 200 ಅಬ್ಬಲಿಗೆ ಗಿಡ ಹಚ್ಚಿದ್ದರು. ಸಭೆಗೆ ಹೋದಾಗ ನಾನು, "ಮಳೆ ನಿಂತಿದೆ, ಇನ್ನು ದಿನಾ ತಪ್ಪದೆ ನೀರು ಹಾಕಿ" ಎಂದು ಹೇಳಿ ಬಂದೆ. ಡಿಸೆಂಬರ್‌ನಲ್ಲಿ ಮತ್ತೆ ಹೋದಾಗ ಗಿಡಗಳೆಲ್ಲ ಜೋತುಬಿದ್ದಿದ್ದವು. "ದಿನಾ ಎರಡ ಹೊತ್ತು ನೀರ ಹಾಕೇನ್ರಿ ಸಿಸ್ಟರ್, ಆದ್ರೂ ಬಾಡಾಕತ್ತಾವ್ರಿ" ಎಂದು ಅವರು ಕಣ್ಣೀರು ಹಾಕಿದರು. ಇನ್ನೂ ಸ್ವಲ್ಪ ಹೆಚ್ಚು ಹಾಕಿ ನೋಡಿ ಎಂದೆ! ಕೊನೆಗೆ ತೋಟಗಾರಿಕೆಯವರೊಬ್ಬರು ಬಂದು ಒಂದು ಗಿಡ ಕಿತ್ತು ತೋರಿಸಿದರು. ಬೇರು ಕಂದು ಬಣ್ಣವಾಗಿ ಕೊಳೆತಿತ್ತು, ಅಲ್ಲಲ್ಲಿ ಗಂಟುಗಳಿದ್ದವು. ಅರ್ಧಕ್ಕಿಂತ ಹೆಚ್ಚು ಗಿಡ ಸತ್ತವು. ಸಾಲ ಮಾತ್ರ ಉಳಿಯಿತು.

ಅಂದು ನಾನು ಕಲಿತದ್ದು ಇಷ್ಟು: ನಮ್ಮ ಭಾಗದಲ್ಲಿ ಚಳಿ ಗಿಡವನ್ನು ಕೊಲ್ಲುವುದು ಅಪರೂಪ. ಚಳಿಯಲ್ಲಿ ನಾವು ಹಾಕುವ ಹೆಚ್ಚಿನ ನೀರು ಕೊಲ್ಲುತ್ತದೆ.

ಚಳಿಯಲ್ಲಿ ಗಿಡಕ್ಕೆ ಏನಾಗುತ್ತದೆ?

ಹಿಮ ಬೀಳುವ ದೇಶಗಳಲ್ಲಿ ಗಿಡದೊಳಗಿನ ನೀರೇ ಹೆಪ್ಪುಗಟ್ಟಿ ಗಿಡ ಸಾಯುತ್ತದೆ. ಅಲ್ಲಿಯವರು ಕುಂಡಗಳನ್ನು ಮನೆಯೊಳಗೆ ಇಡುತ್ತಾರೆ. ನಮ್ಮಲ್ಲಿ ಅಷ್ಟು ಚಳಿ ಇಲ್ಲ. ಆದರೆ ಬಿಸಿಲು ಮೆತ್ತಗಾಗಿ, ಹಗಲು ಚಿಕ್ಕದಾಗಿ, ಎಲೆಯಿಂದ ಆವಿಯಾಗಿ ಹೋಗುವ ನೀರು ಕಡಿಮೆಯಾಗುತ್ತದೆ. ಬೇರೂ ನಿಧಾನವಾಗಿ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಒಂದೇ ದಿನದಲ್ಲಿ ಕುಡಿಯುವ ನೀರು ಈಗ ಗಿಡಕ್ಕೆ ಮೂರು-ನಾಲ್ಕು ದಿನ ಸಾಕಾಗಬಹುದು.

ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿದರೆ ಗಾಳಿಗೆ ಜಾಗವಿಲ್ಲದೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಆಗ ಎಲೆ ಬಾಡುತ್ತದೆ. ಬಾಯಾರಿದ ಗಿಡವೂ ಬಾಡುತ್ತದೆ, ಬೇರು ಕೊಳೆತ ಗಿಡವೂ ಬಾಡುತ್ತದೆ. ನೋಡಲು ಎರಡೂ ಒಂದೇ. ನಾನು ಮೋಸಹೋದದ್ದು ಇಲ್ಲೇ.

ನೀರು ಹಾಕುವ ಮೊದಲು ಬೆರಳಿನ ಪರೀಕ್ಷೆ

1. ಗಿಡದ ಬುಡದಿಂದ ಸ್ವಲ್ಪ ದೂರದಲ್ಲಿ ಬೆರಳನ್ನು ಎರಡು ಇಂಚು ಮಣ್ಣಿನೊಳಗೆ ಇಳಿಸಿ. ತಂಪು ಹತ್ತಿ ಮಣ್ಣು ಬೆರಳಿಗೆ ಅಂಟಿದರೆ ಅಂದು ನೀರು ಬೇಡ. ಒಣಗಿದ್ದರೆ ಮಾತ್ರ ಹಾಕಿ.

2. ನೀರು ಹಾಕುವುದಾದರೆ ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ, ಬುಡಕ್ಕೆ ಹಾಕಿ. ಸಂಜೆ ಎಲೆಯ ಮೇಲೆ ಸುರಿದರೆ ರಾತ್ರಿಯೆಲ್ಲ ಒದ್ದೆಯಾಗಿದ್ದು ರೋಗ ಹಿಡಿಯುತ್ತದೆ.

3. ಎರೆಮಣ್ಣು ನೀರನ್ನು ಬಹಳ ದಿನ ಹಿಡಿದುಕೊಳ್ಳುತ್ತದೆ. ಮಸಾರಿ ಮಣ್ಣು, ಜಂಬಿಟ್ಟಿಗೆ ಮಣ್ಣು ಬೇಗ ಬಸಿದು ಒಣಗುತ್ತದೆ. ಆದ್ದರಿಂದ ಪಕ್ಕದ ಮನೆಯವರು ಹಾಕಿದರೆಂದು ನೀವು ಹಾಕಬೇಡಿ. ನಿಮ್ಮ ಮಣ್ಣನ್ನು ನೀವೇ ಮುಟ್ಟಿ ನೋಡಿ.

4. ಜಾಂಬೋಟಿ, ಕಣಕುಂಬಿ ಕಡೆ ಮಳೆ ಬಹಳ. ಮಡಿಯ ಬದಿಗೆ ಗೇಣುದ್ದ ಆಳದ ಕಾಲುವೆ ತೆಗೆದು ನಿಂತ ನೀರನ್ನು ಹೊರಗೆ ಬಿಡಿ.

5. ಪಟ್ಟಣದಲ್ಲಿ ಮಾಳಿಗೆಯ ಮೇಲೆ ಕುಂಡ ಇಟ್ಟವರು ಕೆಳಗಿನ ತಟ್ಟೆ ತೆಗೆಯಿರಿ, ತೂತು ಮುಚ್ಚಿಲ್ಲವೇ ನೋಡಿ, ಎರಡು ಇಟ್ಟಿಗೆಯ ಮೇಲೆ ಕುಂಡ ಎತ್ತಿ ಇಡಿ. ಆದರೆ ಒಣಗಾಳಿಗೆ ಚಿಕ್ಕ ಕುಂಡ ಬೇಗ ಒಣಗುತ್ತದೆ. ಅಲ್ಲಿಯೂ ಬೆರಳನ್ನೇ ನಂಬಿ.

ಯಾವ ಗಿಡಕ್ಕೆ ಯಾವ ಕೆಲಸ?

ಸೇವಂತಿಗೆ: ನಮ್ಮ ಮಾತಿನಲ್ಲಿ ಶಾವಂತಿಗೆ. ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ ಇದು. ಗಿಡಗಳು ಹಗಲು-ರಾತ್ರಿಯ ಉದ್ದವನ್ನು ನೋಡಿ ಹೂ ಬಿಡುತ್ತವೆ ಎಂಬುದನ್ನು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಇದರಿಂದ ನಮಗೆ ಉಪಯೋಗವೇನು? ರಾತ್ರಿಯೆಲ್ಲ ಲೈಟ್ ಉರಿಯುವ ಬಾಗಿಲ ಮುಂದೆ, ಬೀದಿದೀಪದ ಕೆಳಗೆ ಸೇವಂತಿಗೆ ಕುಂಡ ಇಟ್ಟರೆ ಸರಿಯಾಗಿ ಹೂ ಬಿಡುವುದಿಲ್ಲ. ಕತ್ತಲಿರುವ ಕಡೆ ಸರಿಸಿ. ಮೊಗ್ಗು ಬಂದ ಮೇಲೆ ಕುಡಿ ಚಿವುಟಬೇಡಿ, ಕೋಲು ಆಸರೆ ಕೊಡಿ. ಹೂ ಮುಗಿದ ಮೇಲೆ ಗಿಡ ಕಿತ್ತೆಸೆಯದೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿ. ಬುಡದಿಂದ ಬರುವ ಮರಿಗಳೇ ಮುಂದಿನ ವರ್ಷದ ಸಸಿ.

ಚೆಂಡು ಹೂ: ಬೀಜ ಹಾಕಿದ ಮೂರು-ನಾಲ್ಕು ವಾರಕ್ಕೆ ಸಸಿ ನಾಟಿಗೆ ಬರುತ್ತದೆ, ಎರಡು-ಎರಡೂವರೆ ತಿಂಗಳಿಗೆ ಹೂ. ಕ್ರಿಸ್ಮಸ್ ಹೊತ್ತಿಗೆ ಹೂ ಬೇಕಾದವರು ಅಕ್ಟೋಬರ್ ಮೊದಲ ವಾರವೇ ಬೀಜ ಹಾಕಬೇಕು. ಈ ಗಿಡದ ತವರು ಮೆಕ್ಸಿಕೊ. ಅಲ್ಲಿಯ ಜನ ನವೆಂಬರ್ 1 ಮತ್ತು 2ರಂದು ಅಗಲಿದವರ ನೆನಪಿಗೆ ಇದೇ ಹೂವನ್ನು ರಾಶಿ ರಾಶಿ ಇಡುತ್ತಾರೆ. ನಾವೂ ನವೆಂಬರ್ 2ರಂದು ಸಮಾಧಿಗಳ ಮೇಲೆ ಇದನ್ನೇ ಇಡುತ್ತೇವಲ್ಲ! ಅಂದು ಮಾರಬೇಕೆನ್ನುವವರು ಆಗಸ್ಟ್ ಕೊನೆಯ ಒಳಗೆ ಬೀಜ ಹಾಕಿರಬೇಕು.

ಗುಲಾಬಿ: ಮಳೆ ಪೂರ್ತಿ ನಿಂತ ಮೇಲೆ ಕತ್ತರಿಸಿ. ಒಣಗಿದ, ರೋಗದ, ಒಳಮುಖವಾಗಿ ಬೆಳೆದ ಟೊಂಗೆಗಳನ್ನು ಮೊದಲು ತೆಗೆಯಿರಿ. ಹೊರಮುಖದ ಕಣ್ಣಿನ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿ. ಕತ್ತರಿಸಿದ ಸುಮಾರು 45 ರಿಂದ 50 ದಿನಕ್ಕೆ ಹೂ ಬರುತ್ತದೆ. ಕ್ರಿಸ್ಮಸ್‌ಗೆ ಬೇಕಾದರೆ ನವೆಂಬರ್ ಮೊದಲ ವಾರ ಕತ್ತರಿಸಬೇಕು.

ಮಲ್ಲಿಗೆ: ಇದು ಚಳಿಯಲ್ಲಿ ವಿಶ್ರಾಂತಿ ಪಡೆಯುವ ಗಿಡ. ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ, ಮೊಣಕಾಲೆತ್ತರಕ್ಕೆ ಕತ್ತರಿಸಿ ಗೊಬ್ಬರ ಕೊಡಿ. ಬೇಸಿಗೆಯ ಹೂವಿಗೆ ಇದೇ ತಯಾರಿ. ಕತ್ತರಿಸಲು ಕೈ ಬರುವುದಿಲ್ಲ ಎನ್ನುವವರೇ ಹೆಚ್ಚು, ಆದರೆ ಕತ್ತರಿಸದ ಗಿಡದಲ್ಲಿ ಎಲೆ ಜಾಸ್ತಿ, ಹೂ ಕಡಿಮೆ.

ಅಬ್ಬಲಿಗೆ: ಬೆಚ್ಚಗಿನ ಹವೆಯ ಗಿಡ, ಚಳಿಯಲ್ಲಿ ಹೂ ಇಳಿಯುವುದು ಸಹಜ. ಹೂ ಇಳಿಯಿತೆಂದು ಗಾಬರಿಯಾಗಿ ನೀರು, ಯೂರಿಯಾ ಸುರಿಯಬೇಡಿ. ಒಣಗಿದ ತೆನೆಗಳನ್ನು ಚಿವುಟಿ ತೆಗೆಯಿರಿ. ಬಾಡಿದ ಒಂದು ಗಿಡ ಕಂಡರೆ ಕಿತ್ತು ಬೇರು ನೋಡಿ. ಬೇರು ಕೊಳೆತಿದ್ದರೆ ಆ ಗಿಡವನ್ನು ತೋಟದಿಂದ ಹೊರಗೆ ಹಾಕಿ, ಅದೇ ಗುಂಡಿಯಲ್ಲಿ ಮತ್ತೆ ಅಬ್ಬಲಿಗೆ ಹಚ್ಚಬೇಡಿ.

ಗೊಬ್ಬರ ಮತ್ತು ಔಷಧಿ

ಈ ಕಾಲದಲ್ಲಿ ಯೂರಿಯಾ ಹೆಚ್ಚಾದರೆ ಮೆತ್ತನೆಯ ಚಿಗುರು ಬಂದು ಹೇನು, ಬೂದಿ ರೋಗಗಳನ್ನು ಕರೆಯುತ್ತದೆ. ಗಿಡಕ್ಕೆ ಎರಡು ಮುಷ್ಟಿ ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಅಥವಾ ಎರೆಗೊಬ್ಬರ ಸಾಕು. ಉದುರಿದ ಎಲೆಗಳನ್ನು ಸುಡಬೇಡಿ, ಬುಡಕ್ಕೆ ತಾಗದಂತೆ ಸುತ್ತಲೂ ಹರಡಿ. ರೋಗ ಹಿಡಿದ ಎಲೆಗಳನ್ನು ಮಾತ್ರ ಬೇರೆ ಮಾಡಿ ಹೊರಗೆ ಹಾಕಿ.

ಹೇನಿಗೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಚೂರು ಸೋಪು ಕಲಸಿ ಸಿಂಪಡಿಸಿ. ಎಲೆಯ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಕಂಡರೆ ಅದು ಬೂದಿ ರೋಗ. ನೀರಿನಲ್ಲಿ ಕರಗುವ ಗಂಧಕದ ಪುಡಿ ಲೀಟರಿಗೆ 2 ರಿಂದ 3 ಗ್ರಾಂ ಸಾಕು. ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬೇಡಿ, ಎಲೆ ಸುಡುತ್ತದೆ. ಹೂ ಕಟ್ಟುವಾಗ ದಾರವನ್ನು ಬಾಯಲ್ಲಿ ಹಿಡಿಯುವವರು ನಾವು, ಹೂ ಮುಡಿಯುವವರು ಮಕ್ಕಳು. ಕೊಯ್ಯುವ ಹೂವಿಗೆ ಔಷಧಿ ತಾಗಬಾರದು. ಸಂಶಯ ಬಂದರೆ ಅಂಗಡಿಯವರ ಮಾತಿಗೆ ಹೋಗದೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಗೆ ಬಾಡಿದ ಗಿಡವನ್ನು ಬೇರು ಸಮೇತ ಒಯ್ದು ತೋರಿಸಿ. ನಮ್ಮ ಜಿಲ್ಲೆಯ ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜೇ ಇದೆ.

ಮತ್ತೆ ಆ ತಾಯಿಯ ಮಾತು

ಸಂಘದವರು ಸಭೆ ಸೇರಿ ಅವರ ಸಾಲದ ಕಂತನ್ನು ಆರು ತಿಂಗಳು ಮುಂದಕ್ಕೆ ಹಾಕಿದರು. ತಪ್ಪು ಸಲಹೆ ನನ್ನದೇ ಎಂದು ನಾನೂ ಸಭೆಯಲ್ಲಿ ಒಪ್ಪಿಕೊಂಡೆ. ಮುಂದಿನ ಮಳೆಗಾಲದಲ್ಲಿ ಅವರು ಅದೇ ಜಾಗದಲ್ಲಿ ಚೆಂಡು ಹೂ ಹಾಕಿದರು. ಬೇರಿಗೆ ಗಂಟು ತರುವ ಸಣ್ಣ ಜಂತುಹುಳುಗಳನ್ನು ಚೆಂಡು ಹೂವಿನ ಬೇರು ಕಡಿಮೆ ಮಾಡುತ್ತದೆ. ದಸರೆಗೆ ಬಂದ ಹೂವನ್ನು ಬೆಳಗಾವಿ ಪೇಟೆಗೆ ಕಳಿಸಿ ಸಾಲದ ಮೊದಲ ಎರಡು ಕಂತು ಕಟ್ಟಿದರು. ಈಗ ನಾನು ಅವರ ಹಿತ್ತಲಿಗೆ ಹೋದರೆ ಏನೂ ಹೇಳುವ ಮೊದಲು ಬಗ್ಗಿ ಮಣ್ಣು ಮುಟ್ಟುತ್ತೇನೆ. "ಈಗ ಸಿಸ್ಟರ್ ಶಾಣ್ಯಾ ಆಗ್ಯಾರ" ಎಂದು ಅವರು ನಗುತ್ತಾರೆ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಿಮ್ಮ ಹಿತ್ತಲಿನ ಮಣ್ಣು ಯಾವುದು? ಒಮ್ಮೆ ನೀರು ಹಾಕಿದರೆ ಎಷ್ಟು ದಿನ ಹಸಿ ಇರುತ್ತದೆ?

2. ಕಳೆದ ಚಳಿಗಾಲದಲ್ಲಿ ಯಾವ ಗಿಡ ಸತ್ತಿತು? ಬೇರನ್ನು ಯಾರಾದರೂ ನೋಡಿದ್ದಿರಾ?

3. ಬರುವ ಹಬ್ಬಕ್ಕೆ ಯಾವ ಹೂ ಬೇಕು? ದಿನ ಹಿಂದಕ್ಕೆ ಎಣಿಸಿ, ಬೀಜ ಹಾಕುವ ಅಥವಾ ಕತ್ತರಿಸುವ ತಾರೀಖನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ.

ಈ ವಾರದ ಕೆಲಸ: ನೀರು ಹಾಕುವ ಮೊದಲು ಏಳು ದಿನವೂ ಬೆರಳಿನ ಪರೀಕ್ಷೆ ಮಾಡಿ. ಎಷ್ಟು ದಿನ ನೀರು ಬೇಕಾಗಲಿಲ್ಲ ಎಂಬುದನ್ನು ಮುಂದಿನ ಸಭೆಯಲ್ಲಿ ಹೇಳಿ.