ಮಣ್ಣೆತ್ತು ಕಟ್ಟಿ ಕತಿ ಬೆಳೆಸುವ ಬಗೆ

ಖಾಲಿ ಲೋಟ ಎತ್ತಿ ನೀರು ಕುಡಿದಂತೆ ಮಾಡುವುದು ಮಗುವಿನ ನಟನೆಯಾಟದ ಮೊದಲ ಹಂತ. ಸುಮಾರು ಒಂದೂವರೆ ವರ್ಷಕ್ಕೆ ಇದು ಕಾಣಿಸಿಕೊಳ್ಳುತ್ತದೆ. ಮೂರರಿಂದ ಆರು ವರ್ಷದ ನಡುವೆ ಅದಕ್ಕೆ ಪಾತ್ರ, ಮಾತು, ತಂಟೆ ಎಲ್ಲ ಸೇರಿ ಕತೆಯೇ ಆಗುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಇದಕ್ಕೆ ಅಂಗಡಿಯ ಆಟಿಕೆ ಬೇಕಿಲ್ಲ. ಮುಂಗಾರಿನ ಹೊತ್ತಿಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆ, ಅದರ ಬೆನ್ನಿಗೇ ಆಷಾಢದ ಮಂಗಳವಾರಗಳ ಗುಳ್ಳವ್ವ, ಎರಡೂ ಮಣ್ಣಿನ ಹಬ್ಬಗಳು.

ಮಣ್ಣೆತ್ತು ಕಟ್ಟಲು ಮೊದಲು ಎರಿಮಣ್ಣಿನಿಂದ ಹರಳು, ಗಾಜಿನ ಚೂರು ಆರಿಸಿ ತೆಗೆದು, ನೀರು ಹಾಕಿ ಚೆನ್ನಾಗಿ ನಾದಬೇಕು. ಎರಿಮಣ್ಣು ಒಣಗುವಾಗ ಬಿರಿಯುವುದರಿಂದ ಕಟ್ಟಿದ್ದನ್ನು ಬಿಸಿಲಿಗಿಡದೆ ನೆರಳಲ್ಲಿ ಆರಿಸುವುದು ಒಳ್ಳೆಯದು. ಮಗುವಿಗೆ ಅದರದ್ದೇ ಮುದ್ದೆ ಕೊಡಬೇಕು. ಮೂರು ಕಾಲಿನ ಎತ್ತು ಮಾಡಿದರೂ ತಿದ್ದಲು ಹೋಗಬಾರದು, ನಾಲ್ಕನೇ ಕಾಲು ಎಲ್ಲಿ ಹೋಯಿತೆಂಬುದೇ ಕತೆಗೆ ಒಳ್ಳೆಯ ಆರಂಭ. ಕಣ್ಣಿಗೆ ಜೋಳದ ಕಾಳು ಸಾಕು. ಗುಲಗಂಜಿ ನೋಡಲು ಚಂದವಾದರೂ ಅಗಿದರೆ ವಿಷ, ಮಕ್ಕಳ ಕೈಗೆ ಬೇಡವೇ ಬೇಡ. ಮೂರು ವರ್ಷದೊಳಗಿನವರಿಗೆ ಯಾವ ಕಾಳೂ ಬೇಡ, ಗಂಟಲಲ್ಲಿ ಸಿಕ್ಕೀತು.

ಎತ್ತು ಆದ ಮೇಲೆ ಹೆಸರಿಡುವ ಕೆಲಸ ಮಗುವಿನದು. ಆಮೇಲೆ ದೊಡ್ಡವರು ಒಂದೇ ಒಂದು ತೊಡಕು ಹಾಕಬೇಕು: ‘ಚಕ್ಕಡಿ ಗಾಲಿ ಕೆಸರಾಗ ಸಿಕ್ಕೈತಿ, ಈಗೇನ ಮಾಡೂಣು?’ ಇಷ್ಟು ಕೇಳಿ ಸುಮ್ಮನೆ ಕೂಡಬೇಕು. ಹೆಚ್ಚಿನ ಮನೆಗಳಲ್ಲಿ ಆಟ ಕೆಡುವುದು ಇಲ್ಲೇ: ಮಗು ಬಾಯಿ ತೆರೆಯುವ ಮೊದಲೇ ಹಿರಿಯರು ಉತ್ತರ ಹೇಳಿ, ಜೊತೆಗೊಂದು ನೀತಿಯನ್ನೂ ಸೇರಿಸಿಬಿಡುತ್ತಾರೆ. ಎತ್ತಿಗೆ ರೆಕ್ಕೆ ಬಂದು ಚಕ್ಕಡಿ ಹಾರಿತೆಂದು ಮಗು ಹೇಳಿದರೆ ‘ಹಂಗೆಲ್ಲಿ ಆಕ್ಕೈತಿ’ ಅನ್ನದೆ, ‘ಮ್ಯಾಲಿಂದ ಏನೇನ ಕಾಣತೈತಿ?’ ಎಂದು ಕೇಳಬೇಕು. ಮಲಪ್ರಭೆಯೋ, ಅಜ್ಜಿಯ ಮನೆಯೋ, ಏನೋ ಒಂದು ಕಾಣುತ್ತದೆ.

ಐದಾರು ವರ್ಷದವರಿಗೆ ಒಂದು ಪಯಣ ಕೊಡಬಹುದು. ಬನದ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗೆ ಕಡ್ಡಿಪೆಟ್ಟಿಗೆಯೇ ಸಾಕು. ಬುತ್ತಿ ಕಟ್ಟುವುದು, ನಡುವೆ ಎತ್ತಿಗೆ ನೀರು ಕುಡಿಸುವುದು, ಜಾತ್ರೆಯ ಗದ್ದಲದಲ್ಲಿ ಒಬ್ಬರು ತಪ್ಪಿಸಿಕೊಂಡು ಸಿಗುವುದು ಹೀಗೆ ನಿಲ್ದಾಣಗಳು ತಾವೇ ಹುಟ್ಟುತ್ತವೆ. ಅದೇ ಕತೆಯನ್ನು ಮರುದಿನವೂ ಕೇಳಿದರೆ ಬೇಸರಿಸಬಾರದು. ಪುನರಾವರ್ತನೆಯಿಂದಲೇ ಮಗುವಿಗೆ ಕತೆಯ ಓಟ ಹಿಡಿತಕ್ಕೆ ಬರುತ್ತದೆ, ಮೂರನೇ ಸಲಕ್ಕೆ ಅದೇ ಹೇಳತೊಡಗುತ್ತದೆ.

ಕೋಲೊಂದು ಕುದುರೆಯಾದಾಗ ಮಗು ವಸ್ತುವನ್ನು ಬಿಟ್ಟು ಅದರ ಅರ್ಥವನ್ನು ಹಿಡಿಯುತ್ತದೆ ಎಂದು ಸೋವಿಯತ್ ಮನೋವಿಜ್ಞಾನಿ ಲೆವ್ ವೈಗೋಟ್ಸ್ಕಿ 1933ರ ಉಪನ್ಯಾಸವೊಂದರಲ್ಲಿ ವಿವರಿಸಿದ್ದರು. ಕಿತ್ತೂರಿನ ಓಣಿಗಳಲ್ಲಿ ಕೋಲು ಕುದುರೆಯಾದರೆ ಮೇಲೆ ಕೂರುವವರು ಹೆಚ್ಚಾಗಿ ರಾಣಿ ಚೆನ್ನಮ್ಮ ಇಲ್ಲವೇ ಸಂಗೊಳ್ಳಿ ರಾಯಣ್ಣ. ಇಂಗ್ಲಿಷರ ಮೇಲೆ ಕಿತ್ತೂರು ಪಡೆದ 1824ರ ಅಕ್ಟೋಬರ್ 23ರ ಗೆಲುವು ಈ ವಯಸ್ಸಿನ ಆಟಕ್ಕೆ ಹೊಂದುತ್ತದೆ, ಬೈಲಹೊಂಗಲದ ಕೋಟೆಯಲ್ಲಿ 1829ರಲ್ಲಿ ರಾಣಿ ಸೆರೆಯಲ್ಲೇ ತೀರಿಕೊಂಡದ್ದನ್ನು ಏಳೆಂಟು ವರ್ಷದ ಮೇಲೆ ಹೇಳಿದರಾಯಿತು. ಇಂಗ್ಲಿಷರವನಾಗಲು ಯಾರೂ ಒಪ್ಪದಿದ್ದರೆ ಆ ಪಾತ್ರ ದಿಂಬಿಗೆ ಕೊಡಬೇಕು, ಏಟು ಬಿದ್ದರೂ ಯಾರೂ ಅಳುವುದಿಲ್ಲ. ಕೋಲು ಸೊಂಟಕ್ಕಿಂತ ಮೇಲೆ ಬರಬಾರದೆಂಬ ಕಟ್ಟು ಆಟಕ್ಕೆ ಮೊದಲೇ ಆಗಬೇಕು. ‘ಇದು ಖರೇನಾ?’ ಎಂದು ಮಗು ಕೇಳಿದರೆ, ರಾಣಿ ಖರೆ, ನಿನ್ನ ಕುದುರೆ ಆಟದ್ದು ಎಂದು ನೇರವಾಗಿ ಹೇಳಿಬಿಡುವುದೇ ಸರಿ.